ಬೇಸಾಯದ ಲೆಕ್ಕದಲ್ಲಿ ಶೇಕಡವೂ ಅನುಪಾತವೂ

ಹಿರಿಯೂರು ತಾಲ್ಲೂಕಿನ ಜವನಗೊಂಡನಹಳ್ಳಿ ಹೋಬಳಿಯು ಬಹುಮಟ್ಟಿಗೆ ಒಣಬೇಸಾಯದ ಸೀಮೆ. ಕಡಲೆಕಾಯಿ, ರಾಗಿ, ತೊಗರಿ ಮೊದಲಾದುವು ಮಳೆಯನ್ನು ನಂಬಿದ ಬೆಳೆಗಳು. ಈರುಳ್ಳಿಯನ್ನೂ ತೋಟದ ಬೆಳೆಗಳನ್ನೂ ಕೊಳವೆಬಾವಿಯುಳ್ಳವರು ಮಾಡುವರು. ಇಂತಹ ಸೀಮೆಯಲ್ಲಿ ಲಾಭಕ್ಕೂ ನಷ್ಟಕ್ಕೂ ನಡುವೆ ಇರುವ ಅಂತರವು ಬಹಳ ಕಿರಿದು. ಬಿತ್ತನೆ, ಗೊಬ್ಬರ, ಮಾರಾಟ, ಸಾಲ ಇವುಗಳೊಂದರಲ್ಲಿ ನೂರಕ್ಕೆ ಐದು ಹತ್ತರಷ್ಟು ಲೆಕ್ಕ ತಪ್ಪಿದರೂ ವರ್ಷದ ಶ್ರಮದ ಫಲವು ಅಲ್ಲಿಯೇ ಸೋರಿಹೋಗುವುದು. ಮಳೆಯು ಯಾರ ಕೈಯಲ್ಲಿಯೂ ಇಲ್ಲ. ಲೆಕ್ಕವು ಮನೆಯ ಯಜಮಾನನ ಕೈಯಲ್ಲಿಯೇ ಇದೆ.

ಈಗ ಹಳ್ಳಿಹಳ್ಳಿಗಳಲ್ಲಿಯೂ ಮಾಧ್ಯಮಿಕ ತರಗತಿಗಳಲ್ಲಿ ಓದುವ ಹುಡುಗ ಹುಡುಗಿಯರಿದ್ದಾರೆ. ಅನುಪಾತ, ಶೇಕಡ, ಬಡ್ಡಿ ಇವುಗಳ ಪಾಠವು ಅವರಿಗೆ ಆಗುತ್ತದೆ. ಗುಣಾಕಾರ ಭಾಗಾಕಾರಗಳನ್ನು ಅವರು ತಪ್ಪಿಲ್ಲದೆ ಮಾಡುವರು. ಆದರೆ ಲೆಕ್ಕವು ಅಂಕಿಗಳಲ್ಲಿ ಬಾರದೆ ಮಾತುಗಳಲ್ಲಿ ಬಂದಾಗ, ಯಾವುದನ್ನು ನೂರೆಂದು ಹಿಡಿಯತಕ್ಕದ್ದು ಎಂಬಲ್ಲಿ ಎಡವುವರು. ಯಜಮಾನನ ಸ್ಥಿತಿಯು ಇದಕ್ಕೆ ವಿಪರೀತವಾದುದು. ಹೊಲದ ಸಂಗತಿಯೆಲ್ಲವೂ ಅವನಿಗೆ ಗೊತ್ತು. ಅದನ್ನು ಅಂಕಿಗೆ ಇಳಿಸುವ ಕ್ರಮವು ಮರೆತಿರುವುದು. ಶಾಲೆಯ ಮಗುವೂ ಯಜಮಾನನೂ ಒಂದು ಸಂಜೆ ಒಟ್ಟಿಗೆ ಕುಳಿತು ಮನೆಯ ಲೆಕ್ಕವನ್ನೇ ಮಾಡಿದರೆ ಇಬ್ಬರಿಗೂ ಪ್ರಯೋಜನವುಂಟು.

ಈ ವಿದ್ಯೆಯು ಕನ್ನಡನಾಡಿಗೆ ಹೊಸತೇನೂ ಅಲ್ಲ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಎಂದರೆ 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದನು. 12ನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿಯೇ ಬರೆದನು. ಇಂತಹ ಗ್ರಂಥಗಳ ಜೀವಾಳವು ತ್ರೈರಾಶಿಕ. ಗೊತ್ತಿರುವ ಮೂರು ರಾಶಿಗಳಿಂದ ಗೊತ್ತಿಲ್ಲದ ನಾಲ್ಕನೆಯದನ್ನು ಕಂಡುಹಿಡಿಯುವುದೇ ತ್ರೈರಾಶಿಕವು. ಮೊದಲನೆಯದು ಪ್ರಮಾಣ, ಅದಕ್ಕೆ ದೊರೆಯುವುದು ಫಲ, ಬೇಕಾದುದು ಇಚ್ಛೆ. ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸತಕ್ಕದ್ದು. ಶೇಕಡದ ಲೆಕ್ಕವೆಂಬುದು ನೂರನ್ನು ಒಂದು ರಾಶಿಯಾಗಿ ಉಳ್ಳ ತ್ರೈರಾಶಿಕವಲ್ಲದೆ ಬೇರೆಯಲ್ಲ. ಆ ನೂರು ಯಾವುದರ ನೂರು ಎಂಬುದು ನಿಶ್ಚಯವಾದರೆ ಮುಕ್ಕಾಲು ಪಾಲು ಲೆಕ್ಕವು ಮುಗಿದಂತೆಯೇ.

ಕಡಲೆಕಾಯಿಯ ಬಿತ್ತನೆಯನ್ನು ಮೊದಲು ತೆಗೆದುಕೊಳ್ಳಬಹುದು. ಎಕರೆಗೆ 45 ಕಿಲೋಗ್ರಾಂ ಸುಲಿದ ಬೀಜವು ಬೇಕೆಂದೂ, ರೈತನು ಸಿಪ್ಪೆಸಹಿತವಾದ ಕಾಯಿಯನ್ನು ಕೊಳ್ಳುವನೆಂದೂ, ಆ ಕಾಯಿಯಲ್ಲಿ ಬೀಜದ ಭಾಗವು ಶೇಕಡ 70 ಎಂದೂ ಇಟ್ಟುಕೊಳ್ಳಬಹುದು. ಎಷ್ಟು ಕಾಯಿಯನ್ನು ಕೊಳ್ಳಬೇಕು? ಅನೇಕರು ಮಾಡುವ ಲೆಕ್ಕವು ಹೀಗಿರುವುದು: ಸಿಪ್ಪೆಯು ನೂರಕ್ಕೆ 30, 45ಕ್ಕೆ ನೂರಕ್ಕೆ 30ರಂತೆ ಹದಿಮೂರೂವರೆ, ಅದನ್ನು ಕೂಡಿಸಿದರೆ 58½ ಕಿಲೋಗ್ರಾಂ. ಲೆಕ್ಕವು ಸರಿಯಾಗಿರುವಂತೆಯೇ ಕಾಣುವುದು. ಆದರೆ 58½ ಕಿಲೋಗ್ರಾಂ ಕಾಯಿಯನ್ನು ಸುಲಿದರೆ ಬರುವ ಬೀಜವು 41 ಕಿಲೋಗ್ರಾಮಿಗೂ ಸ್ವಲ್ಪ ಕಡಮೆ. ತಪ್ಪು ಎಲ್ಲಿರುವುದೆಂದರೆ, ಸಿಪ್ಪೆಯು ಕಾಯಿಯ ನೂರಕ್ಕೆ 30 ಆಗಿದೆಯೇ ಹೊರತು ಬೀಜದ ನೂರಕ್ಕಲ್ಲ. ತ್ರೈರಾಶಿಕದಲ್ಲಿ ಇಟ್ಟರೆ, 70 ಬೀಜಕ್ಕೆ 100 ಕಾಯಿ, 45 ಬೀಜಕ್ಕೆ ಎಷ್ಟು? ನೂರನ್ನು 45ರಿಂದ ಗುಣಿಸಿ 70ರಿಂದ ಭಾಗಿಸಿದರೆ 64 ಕಿಲೋಗ್ರಾಂ 300 ಗ್ರಾಮಿನಷ್ಟಾಗುವುದು. ಎಂಟು ಎಕರೆಯ ಹೊಲವಾದರೆ, ಮೊದಲಿನ ಲೆಕ್ಕವನ್ನು ನಂಬಿದವನಿಗೆ ಹದಬಂದ ದಿನದಲ್ಲಿ ಸುಮಾರು 32 ಕಿಲೋಗ್ರಾಂ ಬೀಜವು ಕೊರೆಯಾಗಿ, ಹತ್ತಿರ ಹತ್ತಿರ ಮುಕ್ಕಾಲು ಎಕರೆಯು ಬಿತ್ತದೆ ಉಳಿಯುವುದು. ಇಲ್ಲವೇ ಕೂರಿಗೆಯ ಕೈಯನ್ನು ಬಿಗಿಹಿಡಿದು ಇಡೀ ಹೊಲವನ್ನು ತೆಳುವಾಗಿ ಬಿತ್ತಬೇಕಾಗುವುದು. ಮಳೆ ಬಿದ್ದ ಮೇಲೆ ಬೀಜಕ್ಕಾಗಿ ಹಿರಿಯೂರಿಗೋ ಸಿರಾಕ್ಕೋ ಓಡುವವನು ಕೊಡುವ ಬೆಲೆಯನ್ನು ಹೇಳಬೇಕಾದುದಿಲ್ಲ.

ಬೀಜದ ಭಾಗವು ಎಲ್ಲ ಕಾಯಿಯಲ್ಲಿಯೂ 70 ಇರುವುದಿಲ್ಲ. ಕಾಯಿಕಟ್ಟುವ ಕಾಲದಲ್ಲಿ ಮಳೆ ಕೈಕೊಟ್ಟಿದ್ದರೆ 60ಕ್ಕೂ ಇಳಿಯಬಹುದು. ಆದುದರಿಂದ ಮೂರು ನಾಲ್ಕು ಚೀಲಗಳ ಮೇಲೂ ತಳದಲ್ಲೂ ಕೈಹಾಕಿ ಒಂದು ಕಿಲೋಗ್ರಾಂ ಕಾಯಿಯನ್ನು ತೆಗೆದು ಸುಲಿದು ಬೀಜವನ್ನು ತೂಗಿ ನೋಡತಕ್ಕದ್ದು. 650 ಗ್ರಾಂ ಬಂದರೆ ಶೇಕಡ 65. ಕಾಲು ಗಂಟೆಯ ಕೆಲಸ. ಮನೆಯ ಮಕ್ಕಳೇ ಮಾಡಬಹುದು, ಸುಲಿದ ಬೀಜದಲ್ಲಿ ಸ್ವಲ್ಪ ಅವರ ಬಾಯಿಗೆ ಹೋಗುವುದಕ್ಕೆ ಮೊದಲು ತೂಗಿಬಿಟ್ಟರೆ ಸಾಕು.

ಮೊಳಕೆಯ ಲೆಕ್ಕವು ಇದಕ್ಕಿಂತ ಭಿನ್ನವಾದುದು. ದೃಢೀಕೃತ ಕಡಲೆಬೀಜಕ್ಕೆ ಗೊತ್ತುಮಾಡಿರುವ ಕನಿಷ್ಠ ಮೊಳಕೆಯ ಪ್ರಮಾಣವು ಶೇಕಡ 70. ರಾಗಿಗೆ ಅದು 75. ಮನೆಯ ಬೀಜವನ್ನು ಬಿತ್ತುವವನು ನೂರು ಬೀಜವನ್ನು ಎಣಿಸಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ವಾರವೊಂದರ ಮೇಲೆ ಬಿಚ್ಚಿ ನೋಡಿದಾಗ 56 ಮಾತ್ರ ಮೊಳೆತಿದ್ದುವೆಂದು ಭಾವಿಸಬಹುದು. 70ಕ್ಕೆ 14 ಕಡಮೆಯಾಯಿತು, ಆದ್ದರಿಂದ ಬೀಜವನ್ನು ನೂರಕ್ಕೆ 14ರಷ್ಟು ಹೆಚ್ಚಿಸಿದರೆ ಸರಿಹೋಗುವುದೆಂದು ತೋರುವುದು ಸಹಜ. ಹಾಗೆ ಮಾಡಿದರೆ 51 ಕಿಲೋಗ್ರಾಂ ಚಿಲ್ಲರೆ ಬಿತ್ತಿದಂತಾಗುವುದು. ನಿಜವಾಗಿ ಬೇಕಾದುದು 56 ಕಿಲೋಗ್ರಾಂ 250 ಗ್ರಾಂ. ಇಲ್ಲಿ ಒಂದು ಇಳಿದರೆ ಮತ್ತೊಂದು ಏರತಕ್ಕದ್ದಾದುದರಿಂದ ಇದು ವ್ಯಸ್ತತ್ರೈರಾಶಿಕ. 45ನ್ನು 70ರಿಂದ ಗುಣಿಸಿ 56ರಿಂದ ಭಾಗಿಸಬೇಕು. ಆದರೂ ಅಂಕಗಣಿತವು ಹೇಳಿದ್ದನ್ನೆಲ್ಲ ಹೊಲವು ಕೇಳುವುದಿಲ್ಲ. ಮೊಳಕೆ ಕುಂದಿದ ಬೀಜದಲ್ಲಿ ಮೊಳೆತ ಸಸಿಗೂ ಕಸುವು ಕಡಮೆ. ನೂರಕ್ಕೆ ಐವತ್ತೂ ಮೊಳೆಯದ ಬೀಜವನ್ನು ಲೆಕ್ಕಹಾಕಿ ಬಿತ್ತುವುದಕ್ಕಿಂತ ಗಾಣಕ್ಕೆ ಕೊಡುವುದು ಲೇಸು.

ಗೊಬ್ಬರದ ವಿಷಯದಲ್ಲಿ ಶೇಕಡದೊಡನೆ ಅನುಪಾತವೂ ಸೇರಿಕೊಳ್ಳುವುದು. ಮಳೆಯಾಶ್ರಿತ ಕಡಲೆಕಾಯಿಗೆ ಎಕರೆಗೆ ಸಾರಜನಕ 10, ರಂಜಕ 20, ಪೊಟ್ಯಾಷ್ 10 ಕಿಲೋಗ್ರಾಂ ಎಂಬುದು ಸಾಮಾನ್ಯವಾದ ಶಿಫಾರಸು. ಮಣ್ಣಿನ ಪರೀಕ್ಷೆ ಮಾಡಿಸಿದವರು ಅದರಂತೆ ಹೆಚ್ಚು ಕಡಮೆ ಮಾಡಿಕೊಳ್ಳುವರು. ಎಂದರೆ ಬೆಳೆಯು ಕೇಳುವ ಅನುಪಾತವು 1:2:1. ಈಗ 17:17:17 ಎಂದು ಚೀಲದ ಮೇಲೆ ಅಚ್ಚಾಗಿರುವ ಗೊಬ್ಬರವನ್ನು ನೋಡಬಹುದು. ಅದರ ಅನುಪಾತವು 1:1:1. ರಂಜಕವು 20 ಕಿಲೋಗ್ರಾಂ ಬರುವಷ್ಟು ಅದನ್ನು ಹಾಕಿದರೆ ಸುಮಾರು 118 ಕಿಲೋಗ್ರಾಂ ಬೇಕು. ಆಗ ಸಾರಜನಕವೂ ಪೊಟ್ಯಾಷೂ ಬೇಕಾದುದರ ಎರಡರಷ್ಟಾಗುವುವು. ಗಿಡವು ಹಸುರಾಗಿ ಹಬ್ಬಿ ನೋಟಕ್ಕೆ ಚೆನ್ನಾಗಿರುವುದು, ಕಾಯಿ ಮಾತ್ರ ಅದಕ್ಕೆ ತಕ್ಕಷ್ಟು ಇರುವುದಿಲ್ಲ. ಸಾರಜನಕಕ್ಕೆ ಸರಿಯಾಗಿ 10 ಕಿಲೋಗ್ರಾಂ ಬರುವಂತೆ ಹಾಕಿದರೆ ರಂಜಕವು ಅರ್ಧಕ್ಕೆ ನಿಲ್ಲುವುದು. ಅನುಪಾತವು ಹೊಂದದಿದ್ದಲ್ಲಿ ಎಷ್ಟು ಹಾಕಿದರೂ ಸರಿಹೋಗದೆಂಬುದಕ್ಕೆ ಇದು ನಿದರ್ಶನ.

ಡಿ.ಎ.ಪಿ.ಯಲ್ಲಿ ಸಾರಜನಕವು ಶೇಕಡ 18, ರಂಜಕವು 46. ಇಪ್ಪತ್ತು ಕಿಲೋಗ್ರಾಂ ರಂಜಕಕ್ಕೆ 43½ ಕಿಲೋಗ್ರಾಂ ಡಿ.ಎ.ಪಿ. ಸಾಕು. ಎಕರೆಗೆ ಒಂದು ಚೀಲವೆಂಬ ವಾಡಿಕೆಯಂತೆ ಎಂಟು ಎಕರೆಗೆ ಎಂಟು ಚೀಲವನ್ನು ತರುವವನು ಲೆಕ್ಕಹಾಕಿದರೆ ಏಳು ಚೀಲದಲ್ಲಿಯೇ ಕೆಲಸವು ಆಗುವುದೆಂದು ಕಾಣುವನು. ಆ ಏಳು ಚೀಲದಲ್ಲಿ ಸುಮಾರು 63 ಕಿಲೋಗ್ರಾಂ ಸಾರಜನಕವೂ ಬಂದಿರುವುದು. ಬೇಕಾದ 80ರಲ್ಲಿ ಉಳಿದ 17 ಕಿಲೋಗ್ರಾಮಿಗೆ, ಶೇಕಡ 46 ಸಾರಜನಕವುಳ್ಳ ಯೂರಿಯಾ 37 ಕಿಲೋಗ್ರಾಂ. ಈಗಿನ 45 ಕಿಲೋಗ್ರಾಮಿನ ಒಂದು ಚೀಲದಲ್ಲಿ ಇನ್ನೂ ಮಿಗುವುದು. ಪೊಟ್ಯಾಷ್ ಗೊಬ್ಬರವು ಶೇಕಡ 60ರದಾದರೆ ಎಂಟು ಎಕರೆಗೆ 133 ಕಿಲೋಗ್ರಾಂ. ಕಡಲೆಕಾಯಿಗೆ ಡಿ.ಎ.ಪಿ.ಗಿಂತ ಸೂಪರ್ ಫಾಸ್ಫೇಟೇ ಉತ್ತಮವೆಂಬುದನ್ನು ಇಲ್ಲಿ ಹೇಳದೆ ಬಿಡುವಂತಿಲ್ಲ. ಅದರಲ್ಲಿ ರಂಜಕವು ಶೇಕಡ 16 ಮಾತ್ರವಾದುದರಿಂದ ಎಕರೆಗೆ 125 ಕಿಲೋಗ್ರಾಂ ಹೊರಬೇಕಾಗುವುದು ನಿಜ. ಆದರೆ ಅದರೊಡನೆ ಬರುವ ಗಂಧಕವೂ ಸುಣ್ಣವೂ ಕಾಯಿಯನ್ನು ತುಂಬಿಸಿ ಎಣ್ಣೆಯನ್ನು ಹೆಚ್ಚಿಸುವುವು. ಚೀಲದ ಮೇಲಿನ ಅಂಕಿ ದೊಡ್ಡದಾಗಿದ್ದ ಮಾತ್ರಕ್ಕೆ ಗೊಬ್ಬರವು ಮೇಲಾದುದಲ್ಲ.

ಈರುಳ್ಳಿಯ ಲೆಕ್ಕದಲ್ಲಿ ಮೋಸಹೋಗುವವರು ಇನ್ನೂ ಹೆಚ್ಚು. ಜವನಗೊಂಡನಹಳ್ಳಿಯು ಬೆಂಗಳೂರು ಪುಣೆ ಹೆದ್ದಾರಿಯ ಮೇಲೆಯೇ ಇರುವುದರಿಂದ ಯಶವಂತಪುರದ ಮಾರುಕಟ್ಟೆಯ ಧಾರಣೆಯು ಅಂದಂದೇ ಊರಿಗೆ ತಿಳಿಯುವುದು. ಧಾರಣೆ ಇಳಿದಿದೆ, ಎರಡು ತಿಂಗಳು ತಡೆದು ಮಾರಿದರಾಯಿತೆಂದು ಮಾಲನ್ನು ಹಟ್ಟಿಯಲ್ಲಿ ಹಾಕುವವರು ಅನೇಕರು. ಕ್ವಿಂಟಲಿಗೆ 1,600 ರೂಪಾಯಿಯಿರುವಾಗ ಒಬ್ಬನ ಬಳಿ 60 ಕ್ವಿಂಟಲ್ ಈರುಳ್ಳಿಯಿದ್ದರೆ ಅದರ ಬೆಲೆಯು 96,000 ರೂಪಾಯಿ. ಅವನು ಅದನ್ನು ಇಟ್ಟುಕೊಂಡನು. ಒಣಗಿ, ಕೊಳೆತು, ಮೊಳೆತು ಕಾಲು ಭಾಗವು ಹೋಯಿತು. ಧಾರಣೆಯೂ ಕಾಲು ಭಾಗದಷ್ಟು ಏರಿ 2,000 ರೂಪಾಯಿಯಾಯಿತು. ಹೋದುದು ಶೇಕಡ 25, ಬಂದುದು ಶೇಕಡ 25, ಸರಿಗೆ ಸರಿಯಾಯಿತೆಂದು ಅವನು ಸಮಾಧಾನಪಟ್ಟುಕೊಳ್ಳಬಹುದು. ಆದರೆ ಉಳಿದುದು 45 ಕ್ವಿಂಟಲ್. ಅದಕ್ಕೆ ಬರುವುದು 90,000 ರೂಪಾಯಿ. ಆರು ಸಾವಿರವು ಕಾಣದ ಹಾಗೆ ಹೋಯಿತು. ಆರಿಸುವ ಕೂಲಿಯೂ ಎರಡು ತಿಂಗಳ ಬಡ್ಡಿಯೂ ಬೇರೆ. ತೂಕದ 25 ಎಂಬುದು 60 ಕ್ವಿಂಟಲಿನ ಮೇಲಣದು. ಬೆಲೆಯ 25 ಎಂಬುದಾದರೋ 1,600 ರೂಪಾಯಿಯ ಮೇಲಣದಾಗಿ, ಉಳಿದಿರುವ ಮಾಲಿಗೆ ಮಾತ್ರ ದೊರೆಯತಕ್ಕದ್ದು. ಎರಡರ ನೂರೂ ಒಂದೇ ಅಲ್ಲ.

ಕಾಲು ಭಾಗ ಹೋದುದನ್ನು ತುಂಬಿಕೊಳ್ಳಬೇಕಾದರೆ ಧಾರಣೆಯು ಮೂರರಲ್ಲೊಂದು ಭಾಗದಷ್ಟು, ಎಂದರೆ 2,133 ರೂಪಾಯಿಯವರೆಗೆ ಏರಬೇಕು. ಐದರಲ್ಲೊಂದು ಹೋದರೆ ನಾಲ್ಕರಲ್ಲೊಂದು ಏರಬೇಕು. ಅರ್ಧವೇ ಹೋದರೆ ಇಮ್ಮಡಿಯಾಗಬೇಕು. ಮುಂಗಾರಿನ ಈರುಳ್ಳಿಯು ಬೇಸಗೆಯ ಈರುಳ್ಳಿಯಂತೆ ತಾಳಿಬರುವುದಲ್ಲ. ಕಿತ್ತ ಮೇಲೆ ಚೆನ್ನಾಗಿ ಒಣಗದೆ, ಗಾಳಿಯಾಡದ ಕೋಣೆಯಲ್ಲಿ ಚೀಲಸಹಿತವಾಗಿ ಒಟ್ಟಿದ ಮಾಲಿನಲ್ಲಿ ಕಾಲು ಭಾಗವು ಹೋಗುವುದೇನೂ ಅಪೂರ್ವವಲ್ಲ. ಇಡುವುದೋ ಮಾರುವುದೋ ಎಂದು ನಿಶ್ಚಯಿಸುವ ಮೊದಲು ಈ ಲೆಕ್ಕವನ್ನು ಮಾಡತಕ್ಕದ್ದು.

ಸಾಲದ ಬಡ್ಡಿಯನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಎರಡು ರೂಪಾಯಿ ಬಡ್ಡಿಯೆಂದು ಊರಲ್ಲಿ ಹೇಳುವುದು ತಿಂಗಳಿಗೆ ನೂರಕ್ಕೆ ಎರಡು. ವರ್ಷಕ್ಕೆ ಶೇಕಡ 24. ಬ್ಯಾಂಕಿನವರೂ ಸಹಕಾರ ಸಂಘದವರೂ ಹೇಳುವ ಅಂಕಿಯು ವರ್ಷದ್ದು. ಏಳಕ್ಕಿಂತ ಎರಡು ಚಿಕ್ಕದೆಂದು ತಿಳಿದವರಿಲ್ಲದೆ ಇಲ್ಲ. ಇನ್ನು ಬಡ್ಡಿಯನ್ನು ಮೊದಲೇ ಮುರಿದುಕೊಂಡು ಕೊಡುವ ಸಾಲದಲ್ಲಿ, 10,000 ರೂಪಾಯಿಗೆ ಪತ್ರ ಬರೆದುಕೊಟ್ಟವನ ಕೈಗೆ ಬರುವುದು 7,600 ರೂಪಾಯಿ. ಅವನು ವರ್ಷಕ್ಕೆ 2,400 ರೂಪಾಯಿ ತೆರುವುದು ಕೈಗೆ ಬಂದ 7,600ರ ಮೇಲೆ. ಬಡ್ಡಿಯು 24 ಅಲ್ಲ, 31½ಕ್ಕೂ ಸ್ವಲ್ಪ ಮೇಲು.

ಗ್ರಾಮದ ಹಿರಿಯರಿಗೆ ವಿಶೇಷವಾಗಿ ಸಂಬಂಧಪಟ್ಟ ಸಂಗತಿಯು ಬೆಳೆಯ ಅಂದಾಜು. ರೂಪಾಯಿಗೆ ಹದಿನಾರು ಆಣೆಯ ಲೆಕ್ಕವು 1957ನೆಯ ಏಪ್ರಿಲ್ 1ರಂದು ಹೋಗಿ ನೂರು ಪೈಸೆಯ ಲೆಕ್ಕವು ಬಂದಿತು. ಆದರೂ 'ಈ ಸಾರಿ ನಾಲ್ಕಾಣೆ ಬೆಳೆ' ಎಂಬ ಮಾತು ವೃದ್ಧರ ಬಾಯಲ್ಲಿ ಇನ್ನೂ ಉಳಿದಿದೆ. ಹದಿನಾರಾಣೆಯೆಂದರೆ ಪೂರ್ಣ ಬೆಳೆ, ಹನ್ನೆರಡಾಣೆಯೆಂದರೆ ಶೇಕಡ 75, ಆರಾಣೆಯೆಂದರೆ 37½. ನೂರರ ಬದಲು ಹದಿನಾರನ್ನು ಇಟ್ಟುಕೊಂಡ ಶೇಕಡವೇ ಅದು. ಆ ಹದಿನಾರಾಣೆಯು ಯಾವುದು ಎಂಬಲ್ಲಿಯೇ ಜಗಳಗಳು ಹುಟ್ಟುತ್ತಿದ್ದುವು. ಕಂಡು ಕೇಳರಿಯದ ಉತ್ತಮ ಬೆಳೆಯೋ, ಸಾಧಾರಣ ವರ್ಷದ ಬೆಳೆಯೋ? 1918ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಮಹಾತ್ಮಾ ಗಾಂಧಿಯವರೂ ವಲ್ಲಭಭಾಯಿ ಪಟೇಲರೂ ನಡೆಸಿದ ಸತ್ಯಾಗ್ರಹವು ಇಂತಹ ಅಂದಾಜಿನ ಮೇಲೆಯೇ ನಿಂತಿದ್ದಿತು. ಬೆಳೆಯು ನಾಲ್ಕಾಣೆಗಿಂತ ಕಡಮೆಯಾದರೆ ಆ ವರ್ಷದ ಕಂದಾಯದ ವಸೂಲಿಯನ್ನು ನಿಲ್ಲಿಸತಕ್ಕದ್ದೆಂಬುದು ನಿಯಮ. ನಾಲ್ಕಾಣೆಗೆ ಕಡಮೆಯೆಂದು ರೈತರು, ಮೇಲೆಂದು ಅಧಿಕಾರಿಗಳು.

ಈಗ ಆಣೆಯ ಸ್ಥಾನದಲ್ಲಿ ಬೆಳೆವಿಮೆಯ ಅಂಕಿಗಳು ಬಂದಿವೆ. 2016ರಿಂದ ನಡೆಯುತ್ತಿರುವ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಧಾನ್ಯ ಹಾಗೂ ಎಣ್ಣೆಕಾಳುಗಳಿಗೆ ರೈತನು ತೆರುವ ವಂತಿಗೆಯು ವಿಮಾ ಮೊತ್ತದ ಶೇಕಡ 2ನ್ನು ಮೀರದು, ಹಿಂಗಾರಿನವಕ್ಕೆ 1½, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗಳಿಗೆ 5. ಇದರಲ್ಲಿ ತೊಡಕಿಲ್ಲ. ಎಕರೆಗೆ ವಿಮಾ ಮೊತ್ತವು 20,000 ರೂಪಾಯಿಯಾದರೆ ಕಡಲೆಕಾಯಿಗೆ 400 ರೂಪಾಯಿ. ತೊಡಕು ಇರುವುದು ಪರಿಹಾರದಲ್ಲಿ. ಹಿಂದಿನ ಏಳು ವರ್ಷಗಳಲ್ಲಿ ಉತ್ತಮವಾದ ಐದು ವರ್ಷಗಳ ಸರಾಸರಿ ಇಳುವರಿಯನ್ನು ತೆಗೆದು, ಅದರಲ್ಲಿ ಶೇಕಡ 70, 80 ಅಥವಾ 90ನ್ನು, ಆ ಬೆಳೆಗೆ ಗೊತ್ತುಮಾಡಿರುವಂತೆ, ಪ್ರಾರಂಭಿಕ ಇಳುವರಿಯೆಂದು ಇಡುವರು. ವಿಮಾ ಘಟಕದಲ್ಲಿ, ಮುಖ್ಯ ಬೆಳೆಗಳಿಗೆ ಸಾಮಾನ್ಯವಾಗಿ ಗ್ರಾಮ ಪಂಚಾಯತಿಯಲ್ಲಿ, ಬೆಳೆ ಕಟಾವು ಪ್ರಯೋಗಗಳಿಂದ ಆ ವರ್ಷದ ಇಳುವರಿಯನ್ನು ಕಾಣುವರು. ಅದು ಪ್ರಾರಂಭಿಕ ಇಳುವರಿಗಿಂತ ಎಷ್ಟು ಕಡಮೆಯೋ ಅದನ್ನು ಪ್ರಾರಂಭಿಕ ಇಳುವರಿಯಿಂದಲೇ ಭಾಗಿಸಿ ವಿಮಾ ಮೊತ್ತದಿಂದ ಗುಣಿಸಿದರೆ ಪರಿಹಾರವು ಬರುವುದು.

ಲೆಕ್ಕವನ್ನು ಮಾಡಿ ನೋಡಬಹುದು. ಸರಾಸರಿಯು ಎಕರೆಗೆ 400 ಕಿಲೋಗ್ರಾಂ ಕಡಲೆಕಾಯಿ. ಅದರ ಶೇಕಡ 80 ಎಂದರೆ 320. ಈ ವರ್ಷ ಪಂಚಾಯತಿಯ ಇಳುವರಿಯು 240. ರೈತನ ಕಣ್ಣಿಗೆ 400 ಬೆಳೆಯುತ್ತಿದ್ದ ಕಡೆ 240 ಬಂದಿದೆ, ನಷ್ಟವು ಶೇಕಡ 40. ಇಪ್ಪತ್ತು ಸಾವಿರಕ್ಕೆ 8,000 ರೂಪಾಯಿ ಬರಬೇಕು. ವಿಮೆಯ ಲೆಕ್ಕದಲ್ಲಿ 320ಕ್ಕೆ 80 ಕಡಮೆ, ಶೇಕಡ 25, ಬರುವುದು 5,000 ರೂಪಾಯಿ. ಇಳುವರಿಯು 330 ಆಗಿದ್ದರೆ ರೈತನ ಲೆಕ್ಕದಲ್ಲಿ ಶೇಕಡ 17½ ನಷ್ಟ, ವಿಮೆಯ ಲೆಕ್ಕದಲ್ಲಿ ಏನೂ ಇಲ್ಲ. ಮೂರು ಸಾವಿರ ರೂಪಾಯಿಯನ್ನು ಯಾರೋ ನಡುವೆ ತಿಂದರೆಂದು ಊರಲ್ಲಿ ಮಾತು ಹುಟ್ಟುವುದು ಇಂತಹ ಸಂದರ್ಭದಲ್ಲಿಯೇ. ಕೆಲವು ಕಡೆ ಅನುಮಾನಕ್ಕೆ ಆಧಾರವೂ ಇದ್ದೀತು. ಆದರೆ ಆಧಾರವಿರುವ ದೂರನ್ನು ಇಲ್ಲದುದರಿಂದ ಬೇರ್ಪಡಿಸಬೇಕಾದರೆ ಸರಾಸರಿ, ಪ್ರಾರಂಭಿಕ ಇಳುವರಿ, ಈ ವರ್ಷದ ಇಳುವರಿ ಎಂಬ ಮೂರು ಅಂಕಿಗಳನ್ನು ಕೇಳಿ ಬರೆದುಕೊಳ್ಳಬೇಕು. ಗ್ರಾಮದ ಮುಖಂಡರು ಆ ಮೂರನ್ನು ಪಂಚಾಯತಿಯ ಗೋಡೆಯ ಮೇಲೆ ಬರೆಯಿಸಿದರೆ, ಉಳಿದ ಲೆಕ್ಕವನ್ನು ಏಳನೆಯ ತರಗತಿಯ ಹುಡುಗಿಯು ಮಾಡಿ ಹೇಳುವಳು.

ತನ್ನ ಹೊಲದ ಇಳುವರಿಯನ್ನು ತಾನೇ ಅರಿಯಬೇಕೆಂಬವನಿಗೂ ಉಪಾಯವುಂಟು. ಬೆಳೆಯು ತೀರ ಚೆನ್ನಾಗಿಯೂ ತೀರ ಕೆಟ್ಟೂ ಇರದ ಕಡೆ ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ಚೌಕವನ್ನು ಹಗ್ಗದಿಂದ ಅಳೆದು, ಅದರೊಳಗಿನ ಗಿಡಗಳನ್ನು ಕಿತ್ತು, ಕಾಯಿಯನ್ನು ಬಿಡಿಸಿ ಒಣಗಿಸಿ ತೂಗತಕ್ಕದ್ದು. ಚೌಕವು 25 ಚದರ ಮೀಟರ್, ಎಕರೆಯು 4,047. ಅನುಪಾತವು ಒಂದಕ್ಕೆ 162ರಂತೆ. ಚೌಕದಲ್ಲಿ ಒಂದೂವರೆ ಕಿಲೋಗ್ರಾಂ ಬಂದರೆ ಎಕರೆಗೆ 243 ಕಿಲೋಗ್ರಾಂ. ಒಂದೇ ಚೌಕವನ್ನು ನಂಬದೆ ಮೂರನ್ನಾದರೂ ಅಳೆದು ಸರಾಸರಿ ತೆಗೆಯುವುದು ಒಳ್ಳೆಯದು. ಈ ಅಳತೆಯು ವಿಮೆಯವರಿಗೆ ಪ್ರಮಾಣವಾಗದು, ಏಕೆಂದರೆ ಅವರು ನೋಡುವುದು ಪಂಚಾಯತಿಯ ಸರಾಸರಿಯನ್ನು. ಆಲಿಕಲ್ಲು ಬಿದ್ದು ಒಬ್ಬನ ಹೊಲವೇ ಹಾಳಾದಂತಹ ಸಂದರ್ಭದಲ್ಲಿ ಮಾತ್ರ ಆ ಹೊಲವನ್ನೇ ಬಂದು ನೋಡುವರು. ಆಗ 72 ಗಂಟೆಗಳೊಳಗೆ ತಿಳಿಸಿರಬೇಕು, ಮತ್ತು ಎಷ್ಟು ಗುಂಟೆಯಲ್ಲಿ ಎಷ್ಟು ಗುಂಟೆಯು ಹೋಯಿತೆಂಬುದನ್ನು, ನಲವತ್ತು ಗುಂಟೆಗೆ ಒಂದು ಎಕರೆಯಂತೆ, ಹೊಲದಲ್ಲಿಯೇ ಅಳೆದು ಬರೆದಿಟ್ಟುಕೊಂಡಿರಬೇಕು.